ಹೊಲಿಗೆ ಒಂದೇ, ಕೂಲಿ ಬೇರೆ

ಏಷ್ಯಾದ ಮೊದಲ ರಫ್ತು ಸಂಸ್ಕರಣಾ ವಲಯ 1965ರಲ್ಲಿ ಗುಜರಾತಿನ ಕಾಂಡ್ಲಾದಲ್ಲಿ ಸ್ಥಾಪನೆಯಾಯಿತು. ಅನಂತರ ತೈವಾನ್, ದಕ್ಷಿಣ ಕೊರಿಯಾ, ಶ್ರೀಲಂಕಾ, ಬಾಂಗ್ಲಾದೇಶಗಳೂ ಅದೇ ಹಾದಿ ಹಿಡಿದವು. ಎಲ್ಲೆಡೆಯೂ ಅಲ್ಲಿ ದುಡಿದವರಲ್ಲಿ ಬಹುಪಾಲು ಯುವತಿಯರು. ಹೆಣ್ಣಿನ ಬೆರಳು ಚುರುಕು ಎಂದು ಕಾರಣ ಕೊಡುವುದುಂಟು. ಆಕೆಯ ಕೂಲಿ ಅಗ್ಗ ಎಂಬುದೇ ನಿಜವಾದ ಕಾರಣ.

ಕರ್ನಾಟಕದ ಸಿದ್ಧ ಉಡುಪು ಕಾರ್ಖಾನೆಗಳಲ್ಲಿ ಹೆಚ್ಚಿನವು ಇಂತಹ ವಲಯಗಳ ಬೇಲಿಯ ಹೊರಗಿವೆ. ಆದರೆ ನಮ್ಮಲ್ಲಿ ಇನ್ನೊಂದು ಬಗೆಯ ವಲಯವಿದೆ. ಕನಿಷ್ಠ ವೇತನದ ಅಧಿಸೂಚನೆಗಳಲ್ಲಿ ಬೆಂಗಳೂರಿಗೆ ಒಂದು ದರ, ಸಣ್ಣ ಊರುಗಳಿಗೆ ಅದಕ್ಕಿಂತ ಕಡಿಮೆ ದರ ನಿಗದಿಯಾಗುತ್ತ ಬಂದಿದೆ. ರಾಜಧಾನಿಯಲ್ಲಿ ಬಾಡಿಗೆ ಏರಿ, ಕೆಲಸಗಾರರ ಕೊರತೆ ಕಾಡತೊಡಗಿದಂತೆ ಕಾರ್ಖಾನೆಗಳು ಮಂಡ್ಯ, ಮೈಸೂರು ಸೀಮೆಯತ್ತ ಸರಿದುದರ ಹಿಂದೆ ಈ ಲೆಕ್ಕಾಚಾರವೂ ಇದೆ.

ಈ ಕೆಲಸವನ್ನು ಹಳಿಯುವುದು ಸುಲಭ. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳ ಹೆಂಗಸರಿಗೆ ನಾಟಿ, ಕಳೆ, ಕೊಯ್ಲಿನ ಕೂಲಿ ವರ್ಷವಿಡೀ ಸಿಗುವುದಿಲ್ಲ. ಕಾರ್ಖಾನೆಯೂ ಅವರಿಗೆ ಅಪರಿಚಿತವಲ್ಲ. ರೇಷ್ಮೆ ಉದ್ಯಮಗಳ ನಿಗಮದ ನೂಲು ಬಿಚ್ಚಾಣಿಕೆ ಘಟಕ ತಿ. ನರಸೀಪುರದಲ್ಲಿಯೇ ಇದೆ. ತಿಂಗಳ ಸಂಬಳ, ಇಎಸ್‌ಐ ಸೌಲಭ್ಯ, ತನ್ನದೇ ಬ್ಯಾಂಕ್ ಖಾತೆ ಇವು ಮನೆಯೊಳಗೆ ಹೆಣ್ಣಿನ ಮಾತಿಗೆ ತೂಕ ತರುತ್ತವೆ. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಬಸ್ ಖರ್ಚೂ ತಗ್ಗಿದೆ.

ಆದರೆ ಈ ಭದ್ರತೆ ಎಷ್ಟು ತೆಳುವಾದದ್ದು ಎಂಬುದನ್ನೂ ಕಂಡಿದ್ದೇವೆ. ಭವಿಷ್ಯನಿಧಿಯಲ್ಲಿನ ಮಾಲೀಕರ ಪಾಲನ್ನು 58 ವರ್ಷದವರೆಗೆ ಹಿಂಪಡೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಮಹಿಳೆಯರು ಬೀದಿಗಿಳಿದರು; ಎರಡೇ ದಿನಗಳಲ್ಲಿ ಸರ್ಕಾರ ಹಿಂದೆ ಸರಿಯಿತು. ದೊಡ್ಡ ಸಂಘಟನೆಗಳಿಗೂ ಇಷ್ಟು ಬೇಗ ಫಲ ಸಿಕ್ಕಿದ್ದು ವಿರಳ. ಅವರಿಗೆ ಆ ಹಣ ವೃದ್ಧಾಪ್ಯದ ಉಳಿತಾಯವಲ್ಲ, ಕೆಲಸ ಹೋದಾಗ ಮಗಳ ಶುಲ್ಕ ಕಟ್ಟುವ ಗಂಟು. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ರಫ್ತು ಉಡುಪು ಕಾರ್ಖಾನೆಯೊಂದು ಸುಮಾರು 1,200 ಮಂದಿಯನ್ನು ಕೆಲಸದಿಂದ ಬಿಡಿಸಿದಾಗ ಬಹುಪಾಲು ಮಹಿಳೆಯರೇ ಗೇಟಿನ ಮುಂದೆ ವಾರಗಟ್ಟಲೆ ಧರಣಿ ಕುಳಿತರು. ಅದೇ ವರ್ಷ ರಾಜ್ಯ ಸರ್ಕಾರ ತುಟ್ಟಿಭತ್ಯೆಯನ್ನು ಮುಂದೂಡಿತು. ಹೈಕೋರ್ಟ್ ತಡೆ ನೀಡಿದ ಮೇಲೂ ಅನೇಕರಿಗೆ ಬಾಕಿ ಕೈಸೇರಲು ದೀರ್ಘಕಾಲ ಹಿಡಿಯಿತು.

ಸಣ್ಣ ಊರಿನಲ್ಲಿ ಬದುಕು ಅಗ್ಗ, ಆದ್ದರಿಂದ ವೇತನವೂ ಕಡಿಮೆಯಿರಲಿ ಎಂಬುದು ಉದ್ಯಮಿಗಳ ವಾದ. ಮನೆ ಬಾಡಿಗೆಯ ಮಟ್ಟಿಗೆ ಇದು ಸರಿ. ಅಡುಗೆ ಅನಿಲ, ಬೇಳೆ, ಎಣ್ಣೆ, ಖಾಸಗಿ ಆಸ್ಪತ್ರೆಯ ಬಿಲ್ಲು ನಂಜನಗೂಡಿನಲ್ಲಿ ಅರ್ಧಕ್ಕೆ ಸಿಗುವುದಿಲ್ಲ. ಅಮೆರಿಕದ ಅಂಗಡಿಯಲ್ಲಿ ಅಂಗಿಗೆ ಬೆಲೆ ಕಟ್ಟುವಾಗ ಅದು ಬೊಮ್ಮನಹಳ್ಳಿಯಲ್ಲಿ ಹೊಲಿದದ್ದೋ ಕಾವೇರಿ ದಂಡೆಯಲ್ಲಿ ಹೊಲಿದದ್ದೋ ಎಂದು ಯಾರೂ ಕೇಳುವುದಿಲ್ಲ. ಮುಂದಿನ ವೇತನ ಪರಿಷ್ಕರಣೆಯಲ್ಲಿ ರಫ್ತು ಉಡುಪಿಗಾದರೂ ರಾಜ್ಯಕ್ಕೆಲ್ಲ ಒಂದೇ ದರವಿಟ್ಟು, ಬೆಂಗಳೂರಿನ ಬಾಡಿಗೆಗೆ ಪ್ರತ್ಯೇಕ ಭತ್ಯೆ ನೀಡಬಹುದು. ಇದಕ್ಕೆ ಅಧಿಸೂಚನೆಯಷ್ಟೇ ಸಾಕು.