ತೋಟದ ಕೆಲಸಗಾರರ ಕಾಲುಗಳ ರಕ್ಷಣೆ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಹಿಂದಿನ ಬೇಸಾಯಗಾರರು ತಲೆಯನ್ನೂ ಬೆನ್ನನ್ನೂ ಕಾಪಾಡಿಕೊಳ್ಳುವ ವಿಷಯದಲ್ಲಿ ಬಹಳ ಜಾಣ್ಮೆಯನ್ನು ತೋರಿಸಿರುವರು. ಅಡಕೆಯ ಹಾಳೆಯಿಂದ ಮಾಡಿದ ಮುಟ್ಟಾಳೆಯು ಬಿಸಿಲಿಗೂ ತಲೆಹೊರೆಗೂ ಒದಗಿತು. ಎಲೆಯಿಂದ ಹೆಣೆದ ಗೊರಬೆಯು ಆಟಿಯ ಮಳೆಯಲ್ಲಿಯೂ ನೇಜಿ ನೆಡುವ ಹೆಂಗಸರ ಬೆನ್ನನ್ನು ಕಾಯಿತು. ಆದರೆ ಕಾಲಿಗೆ ಇಂತಹ ಸಾಧನವು ನಮ್ಮಲ್ಲಿ ರೂಢಿಗೆ ಬರಲಿಲ್ಲ. ಇಂದಿಗೂ ತೋಟದ ಕೆಲಸಗಾರರಲ್ಲಿ ಅನೇಕರು ಬರಿಗಾಲಿನಲ್ಲಿ ಅಥವಾ ತೆಳ್ಳನೆಯ ರಬ್ಬರು ಚಪ್ಪಲಿಯಲ್ಲಿ ತರಗೆಲೆಯ ಮೇಲೆ ನಡೆಯುವರು. ಹಾವಿಗೂ ಮುಳ್ಳಿಗೂ ಮೊದಲು ಎದುರಾಗುವ ಅಂಗವು ಕಾಲೇ ಆಗಿರುವುದರಿಂದ, ಅದರ ರಕ್ಷಣೆಯ ಬಗೆಗಳನ್ನು ಊರ ಮುಖ್ಯಸ್ಥರೂ ತೋಟದ ಯಜಮಾನರೂ ಅರಿತಿರುವುದು ಆವಶ್ಯಕ.

ಕಾಲಿಗೆ ಒದಗುವ ಅಪಾಯಗಳು

ಮೊದಲನೆಯದು ಹಾವು. ೨೦೦೦ದಿಂದ ೨೦೧೯ರ ವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು ೧೨ ಲಕ್ಷ ಮಂದಿ, ಅಂದರೆ ವರ್ಷವೊಂದಕ್ಕೆ ಸರಾಸರಿ ೫೮,೦೦೦ ಮಂದಿ, ಎಂದು ೨೦೨೦ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿರುವುದು. ಇವರಲ್ಲಿ ಬಹುಪಾಲು ಹಳ್ಳಿಗರು. ಅರ್ಧದಷ್ಟು ಮರಣಗಳು ಜೂನ್‌ನಿಂದ ಸೆಪ್ಟೆಂಬರಿನ ವರೆಗಿನ ಮಳೆಗಾಲದಲ್ಲಿಯೇ ಸಂಭವಿಸಿದವು. ನಮ್ಮ ರಾಜ್ಯ ಸರಕಾರವು ೨೦೨೪ರಲ್ಲಿ ಹಾವಿನ ಕಡಿತವನ್ನು, ಆಸ್ಪತ್ರೆಗಳು ತಪ್ಪದೆ ವರದಿ ಮಾಡಬೇಕಾದ ವ್ಯಾಧಿಗಳ ಪಟ್ಟಿಗೆ ಸೇರಿಸಿತು. ವಿಷಯವು ಎಷ್ಟು ಗುರುತರವಾದುದೆಂಬುದು ಇದರಿಂದಲೇ ವ್ಯಕ್ತವಾಗುವುದು.

ನಮ್ಮ ಸೀಮೆಯಲ್ಲಿ ಮುಖ್ಯವಾಗಿ ಗಮನಿಸತಕ್ಕ ವಿಷದ ಹಾವುಗಳು ನಾಲ್ಕು. ಕೊಳಕುಮಂಡಲವು ಒಣಗಿದ ಎಲೆ ಹುಲ್ಲುಗಳ ಬಣ್ಣದಲ್ಲಿ ಬೆರೆತು ಅಲ್ಲಾಡದೆ ಮಲಗಿರುವುದು. ಹೆಜ್ಜೆ ಸದ್ದಿಗೆ ಓಡದೆ, ತುಳಿದಾಗ ಎರಗುವುದು. ಇದರ ಹಲ್ಲು ಅರ್ಧ ಅಂಗುಲಕ್ಕೂ ಉದ್ದವಾಗಿ ಬೆಳೆಯುವುದುಂಟು. ನಾಗರಹಾವು ಗದ್ದೆಯ ಬದುವಿನಲ್ಲಿಯೂ ಇಲಿಯ ಬಿಲಗಳಲ್ಲಿಯೂ ಇರುವುದು. ಅದರ ಹಲ್ಲು ಮಂಡಲದ ಹಲ್ಲಿಗಿಂತ ಗಿಡ್ಡ. ಕಟ್ಟುಹಾವು ರಾತ್ರಿ ಸಂಚರಿಸುವುದಾಗಿದ್ದು, ಹೆಚ್ಚಾಗಿ ನೆಲದಲ್ಲಿ ಮಲಗಿದವರನ್ನು ಕಚ್ಚುವುದು. ನಾಲ್ಕನೆಯದು ಮೂಗಿನ ತುದಿ ಮೇಲಕ್ಕೆ ಎದ್ದಿರುವ ಸಣ್ಣ ಗುಳಿಮಂಡಲ. ಒಂದು ಮೊಳದಷ್ಟೇ ಉದ್ದದ ಈ ಹಾವು ಘಟ್ಟದ ತಪ್ಪಲಿನ ರಬ್ಬರು ಮತ್ತು ಅಡಕೆ ತೋಟಗಳ ತರಗೆಲೆಯಲ್ಲಿ ಸುರುಳಿ ಸುತ್ತಿ ಕೂತಿರುವುದು. ಇದರ ಕಡಿತದಿಂದ ಬಾವು ನೋವುಗಳಲ್ಲದೆ ಒಮ್ಮೊಮ್ಮೆ ಮೂತ್ರಪಿಂಡಗಳೇ ಕೆಡುವುದುಂಟು. ನಮ್ಮ ದೇಶದಲ್ಲಿ ಸಾಮಾನ್ಯವಾಗಿ ದೊರೆಯುವ ಪ್ರತಿವಿಷವು ನಾಗರಹಾವು, ಕಟ್ಟುಹಾವು, ಕೊಳಕುಮಂಡಲ ಮತ್ತು ಗರಗಸಮಂಡಲಗಳ ವಿಷಕ್ಕೆಂದು ತಯಾರಾದುದು. ಈ ಗುಳಿಮಂಡಲದ ವಿಷಕ್ಕೆ ಅದು ನಾಟದು. ಮದ್ದಿಲ್ಲದ ವಿಷಕ್ಕೆ ಕಚ್ಚದಂತೆ ನೋಡಿಕೊಳ್ಳುವುದೇ ಮೊದಲನೆಯ ಉಪಾಯ.

ಎರಡನೆಯದು ಮುಳ್ಳು. ಸೊಪ್ಪು ಕಡಿಯುವ ಗುಡ್ಡದಲ್ಲಿ ಸೀಗೆ, ಬೆತ್ತ, ಬಿದಿರು. ಗೇರು ತೋಟದಲ್ಲಿಯೂ ದಾರಿಯ ಅಂಚಿನಲ್ಲಿಯೂ ನಾಚಿಕೆ ಮುಳ್ಳು. ತೋಡಿನ ಬದಿಯಲ್ಲಿ ಕೇದಗೆ. ಇವುಗಳಿಗಿಂತಲೂ ಕೆಟ್ಟುದು ಕತ್ತಿಯಿಂದ ಓರೆಯಾಗಿ ಕಡಿದ ಗಿಡದ ಕೂಳೆ. ಅದು ಈಟಿಯಂತೆ ನಿಂತು ಅಂಗಾಲಿಗೆ ನಾಟುವುದು. ಮುಳ್ಳಿನ ಗಾಯವನ್ನು ಅಲಕ್ಷಿಸಿದರೆ ಕೀವಾಗುವುದು. ಧನುರ್ವಾಯುವಿನ ಭಯವೂ ಇದೆ. ಮಳೆಗಾಲದಲ್ಲಿ ಒಡೆದ ಹಿಮ್ಮಡಿಯ ಮೂಲಕ ಇಲಿಜ್ವರದ ರೋಗಾಣುವೂ, ಬರಿಯ ಅಂಗಾಲಿನ ಮೂಲಕ ಕೊಕ್ಕೆಹುಳುವೂ ದೇಹವನ್ನು ಸೇರುವುವು. ಉಂಬುಳಗಳ ಕಾಟವಂತೂ ಘಟ್ಟದ ಬದಿಯವರಿಗೆ ಹೇಳಬೇಕಾದುದಿಲ್ಲ. ಹೀಗೆ ಕಾಲಿಗೆ ತೊಡಿಸಿದ ಒಂದೇ ಸಾಧನವು ಅನೇಕ ಬಗೆಯ ಕೇಡುಗಳನ್ನು ತಡೆಯುವುದು.

ಕಾಲಿನ ಉಡುಪುಗಳ ಬಗೆಗಳು

(೧) ದಪ್ಪ ಬಟ್ಟೆಯ ಷರಾಯಿ. ಇದನ್ನು ಅಲ್ಪವೆಂದು ಎಣಿಸಬಾರದು. ಅಮೆರಿಕಾ ದೇಶದಲ್ಲಿ ಬುಡುಬುಡಿಕೆ ಹಾವುಗಳಿಂದ ಒಂದು ಪರೀಕ್ಷೆಯನ್ನು ನಡೆಯಿಸಿ, ಅದರ ಫಲವನ್ನು ೨೦೦೯ರಲ್ಲಿ ಪ್ರಕಟಿಸಿದರು. ನೀರು ತುಂಬಿದ ರಬ್ಬರು ಕೈಚೀಲಗಳನ್ನು ಮನುಷ್ಯನ ಅಂಗದಂತೆ ಹಾವಿನ ಮುಂದೆ ಹಿಡಿದಾಗ, ಜೀನ್ಸ್ ಬಟ್ಟೆಯನ್ನು ಹೊದಿಸಿದ ಚೀಲದೊಳಕ್ಕೆ ಹೊಕ್ಕ ವಿಷವು ಬರಿಯ ಚೀಲದೊಳಕ್ಕೆ ಹೊಕ್ಕುದಕ್ಕಿಂತ ೬೦ರಿಂದ ೬೬ ಪಾಲು ಶೇಕಡಾ ಕಡಮೆಯಾಗಿತ್ತು. ಹಲ್ಲು ಬಟ್ಟೆಯನ್ನು ತೂರಿದರೂ ವಿಷದಲ್ಲಿ ಹೆಚ್ಚಿನ ಭಾಗವು ಬಟ್ಟೆಯಲ್ಲಿ ಹೀರಿಹೋಗುವುದು ಅಥವಾ ಹೊರಗೆ ಚೆಲ್ಲುವುದು. ಷರಾಯಿಯು ಸಡಿಲವಾಗಿದ್ದಷ್ಟೂ ಬಟ್ಟೆಗೂ ಮಾಂಸಕ್ಕೂ ನಡುವೆ ಎಡೆ ಉಳಿದು ಅನುಕೂಲವಾಗುವುದು. ಆದರೆ ಇದು ಪಾದವನ್ನು ಕಾಯದು.

(೨) ಗಂಬೂಟು. ನಮ್ಮ ಸೀಮೆಯ ಮಳೆಗೂ ಕೆಸರಿಗೂ ಇದು ಎಲ್ಲಕ್ಕಿಂತ ಒಪ್ಪುವ ಸಾಧನ. ಅಂಗಾಲಿನಿಂದ ೧೨ ಅಂಗುಲಕ್ಕೆ ಕಡಮೆಯಿಲ್ಲದಂತೆ ಕಣಕಾಲಿನ ಮೇಲೆ ಏರಿರಬೇಕು. ಕಡಿತಗಳಲ್ಲಿ ಬಹುಪಾಲು ಪಾದ ಮತ್ತು ಹರಡಿನ ಸಮೀಪದಲ್ಲಿಯೇ ಆಗುವುದರಿಂದ ಇಷ್ಟು ಎತ್ತರವು ಬಹಳ ಉಪಕಾರಿ. ಹಿಮ್ಮಡಿಯಲ್ಲಿ ಬಿಗಿಯಾಗಿಯೂ ಕಣಕಾಲಿನಲ್ಲಿ ಸಡಿಲವಾಗಿಯೂ ಇರುವುದನ್ನು ಆರಿಸತಕ್ಕದ್ದು. ತೆಳು ಅಟ್ಟೆಯ ಗಂಬೂಟನ್ನು ಬಿದಿರಿನ ಕೂಳೆಯು ತೂರಬಲ್ಲುದು. ಆದುದರಿಂದ ಅಟ್ಟೆಯನ್ನು ಹೆಬ್ಬೆರಳಿನಿಂದ ಅದುಮಿ ನೋಡಿ ಕೊಳ್ಳಬೇಕು. ಸೊಪ್ಪಿನ ಗುಡ್ಡಕ್ಕೆ ಹೋಗುವವರಿಗೆ ಅಟ್ಟೆಯೊಳಗೆ ಉಕ್ಕಿನ ತಗಡನ್ನು ಇಟ್ಟ ಬೂಟು ಉತ್ತಮ.

(೩) ಕಾಲ್ಕವಚ. ಹರಡಿನಿಂದ ಮೊಣಕಾಲಿನ ವರೆಗೆ ಸುತ್ತಿ ಬಿಗಿಯುವ ದಪ್ಪ ಕ್ಯಾನ್ವಾಸು ಅಥವಾ ನೈಲಾನಿನ ಕವಚಗಳು ಈಗ ದೊರೆಯುವುವು. ಕೆಲವುದರ ಒಳಗೆ ಗಟ್ಟಿ ಪ್ಲಾಸ್ಟಿಕ್ಕಿನ ಹಲಗೆಗಳಿರುವುವು. ಸಿಪಾಯಿಗಳು ಹಿಂದೆ ಕಣಕಾಲಿಗೆ ಸುತ್ತುತ್ತಿದ್ದ ಬಟ್ಟೆಯ ಪಟ್ಟಿಯ ಸುಧಾರಿಸಿದ ರೂಪವೇ ಇದು. ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ತೊಲಗಿಸಬೇಕಾಗಿದೆ. ಚಪ್ಪಲಿ ಮೆಟ್ಟಿ ಕವಚವನ್ನು ಕಟ್ಟಿಕೊಂಡರೆ ಪಾದವು ಬಯಲಾಗಿಯೇ ಉಳಿಯುವುದು. ಕವಚವನ್ನು ಮುಚ್ಚಿದ ಬೂಟಿನ ಮೇಲೆಯೇ ಕಟ್ಟತಕ್ಕದ್ದು.

(೪) ಹಾಳೆ ಮತ್ತು ಗೋಣಿ. ಅಡಕೆಯ ಹಾಳೆಯನ್ನು ಕಣಕಾಲಿಗೆ ಕಟ್ಟಿಕೊಳ್ಳಬಾರದೇ ಎಂದು ಕೆಲವರು ಕೇಳುವುದುಂಟು. ನಾಚಿಕೆ ಮುಳ್ಳಿನ ಗೀರುಗಳನ್ನು ಅದು ತಡೆದೀತು. ಆದರೆ ಒಣಗಿದ ಹಾಳೆಯು ನಾರಿನ ಉದ್ದಕ್ಕೆ ಸೀಳುವುದು, ನೆನೆದರೆ ಮೆತ್ತಗಾಗುವುದು. ಗೋಣಿಯ ನೆಯ್ಗೆಯಲ್ಲಿ ತೂತುಗಳು ದೊಡ್ಡವು. ಇವನ್ನು ನಂಬಿ ಹಾವಿನ ಎಡೆಗೆ ಹೋಗತಕ್ಕದ್ದಲ್ಲ.

ಕೆಲಸಕ್ಕೆ ತಕ್ಕ ಉಡುಪು

ಎಲ್ಲ ಕೆಲಸಕ್ಕೂ ಒಂದೇ ಉಡುಪು ಹೊಂದದು. ತರಗೆಲೆ ಗುಡಿಸುವವರು, ಕಳೆ ಸವರುವವರು, ಮಳೆಗಾಲದಲ್ಲಿ ಬಿದ್ದ ಅಡಕೆಯನ್ನೂ ಬೇಸಗೆಯಲ್ಲಿ ಗೇರುಬೀಜವನ್ನೂ ಹೆಕ್ಕುವವರು ಗಂಬೂಟನ್ನು ತೊಡಬೇಕು. ಹೆಕ್ಕುವವರ ಕೈಯೂ ನೆಲಕ್ಕೆ ತಗಲುವುದರಿಂದ ಎಲೆಯನ್ನು ಮೊದಲು ಕೋಲಿನಿಂದ ಸರಿಸಿ ಆಮೇಲೆ ಕೈಯಿಡುವುದನ್ನು ಅಭ್ಯಾಸ ಮಾಡಿಕೊಳ್ಳತಕ್ಕದ್ದು. ರಬ್ಬರು ಹಾಲು ತೆಗೆಯುವವರು ಬೆಳಕು ಹರಿಯುವ ಮೊದಲೇ ತೋಟವನ್ನು ಹೊಗುವುದರಿಂದ ಅವರಿಗೆ ಗಂಬೂಟಿನೊಡನೆ ತಲೆಗೆ ಕಟ್ಟುವ ದೀಪವೂ ಬೇಕು. ದೀಪದ ಬೆಳಕು ಮರದ ಮೇಲೆ ಮಾತ್ರವಲ್ಲದೆ ನಡೆಯುವ ದಾರಿಯ ಮೇಲೆಯೂ ಬೀಳುತ್ತಿರಬೇಕು. ಯಂತ್ರದಿಂದ ಹುಲ್ಲು ಕತ್ತರಿಸುವವರಿಗೆ ಕಲ್ಲು ಸಿಡಿಯುವ ಭಯವೂ ಇರುವುದರಿಂದ ಗಂಬೂಟು, ಕಾಲ್ಕವಚ, ಕನ್ನಡಕ ಮೂರೂ ಆವಶ್ಯಕ.

ಕಾಲಿಗೆ ಹಗ್ಗದ ತಳೆ ಹಾಕಿಕೊಂಡು ಮರವೇರುವವನು ಬೂಟು ತೊಡಲಾರನು. ಅವನು ಏರುವ ಮರಗಳ ಬುಡವನ್ನು ಮುಂಚಿತವಾಗಿಯೇ ಸವರಿಸಿ ಬಯಲು ಮಾಡಿಡುವುದೇ ಅವನ ರಕ್ಷಣೆ. ಇತ್ತೀಚೆಗೆ ರೂಢಿಗೆ ಬಂದಿರುವ ಹಗುರಾದ ಉದ್ದ ದೋಟಿಯಿಂದ ನೆಲದಲ್ಲಿಯೇ ನಿಂತು ಮದ್ದು ಬಿಡುವವರೂ ಕೊನೆ ಕೊಯ್ಯುವವರೂ ಬೂಟು ತೊಡಬಹುದು, ತೊಡಲೂಬೇಕು. ಕಣ್ಣು ಮೇಲೆ ನೆಟ್ಟಿರುವಾಗ ಕಾಲು ಎಲ್ಲಿ ಬಿತ್ತೆಂಬುದು ತಿಳಿಯದು. ನೇಜಿ ನೆಡುವ ಕೆಸರಿನಲ್ಲಿ ಗಂಬೂಟು ಹೂತುಹೋಗುವುದರಿಂದ ಅಲ್ಲಿ ಅದು ಪ್ರಯೋಜನಕ್ಕೆ ಬಾರದು. ಆದರೆ ಗದ್ದೆಗೆ ಹೋಗಿ ಬರುವ ಬದುವಿನ ಮೇಲೆ ಬೇಕು.

ಉಡುಪನ್ನು ಜನರು ತೊಡುವಂತೆ ಮಾಡುವುದು

ಕೆಲವು ವರ್ಷಗಳ ಹಿಂದೆ ಆಷಾಢದಲ್ಲಿ ನಾನು ಒಂದು ಅಡಕೆ ತೋಟವನ್ನು ನೋಡಲು ಹೋಗಿದ್ದೆನು. ಕೊಟ್ಟಿಗೆಯ ಜಂತಿಯಲ್ಲಿ ಎರಡು ಜೋಡಿ ಗಂಬೂಟುಗಳು ಕೆಸರು ಸೋಂಕದೆ ಹೊಸತಾಗಿಯೇ ತೂಗುತ್ತಿದ್ದುವು. ಆ ತೋಟದಲ್ಲಿ ಕೆಲಸ ಮಾಡುತ್ತಿದ್ದವರು ಐವರು, ಅವರಲ್ಲಿ ಮೂವರು ಹೆಂಗಸರು. ಒಬ್ಬಾಕೆ ಅಂಗಾಲಿಗೆ ಕೂಳೆ ನಾಟಿ, ಬಾವು ಬಂದು, ಮೂರು ವಾರ ಮನೆಯಲ್ಲಿ ಕುಳಿತು ಆ ದಿನವಷ್ಟೇ ಕುಂಟುತ್ತ ಬಂದಿದ್ದಳು. “ಇಷ್ಟು ದುಡ್ಡು ಕೊಟ್ಟು ತಂದರೂ ಇವರು ತೊಡುವುದಿಲ್ಲ, ಏನು ಮಾಡುವುದು?” ಎಂದು ಯಜಮಾನರು ನನ್ನಲ್ಲಿ ದೂರಿದರು. ಆಕೆಯು ಮೆಲ್ಲನೆ, “ಧಣಿಗಳೇ, ಅದರ ಒಂದರೊಳಗೆ ನನ್ನ ಎರಡು ಕಾಲೂ ಹೋಗುತ್ತವೆ” ಎಂದಳು. ನೋಡಿದರೆ ಎರಡು ಜೋಡಿಯೂ ಯಜಮಾನರ ಕಾಲಿನ ಅಳತೆಯವೇ ಆಗಿದ್ದುವು.

ನಮ್ಮಲ್ಲಿ ಬೂಟು ಬಳಕೆಗೆ ಬಾರದಿರುವುದಕ್ಕೆ ಕೆಲಸಗಾರರ ಹಟವೇ ಕಾರಣವೆಂದು ಹೇಳುವುದು ಸುಲಭ. ವಾಸ್ತವದಲ್ಲಿ ಕಾರಣಗಳು ಬೇರೆ: ಅಳತೆ ಹೊಂದದಿರುವುದು, ಸೆಕೆ, ಭಾರ, ಒಳಗೆ ನೀರು ನಿಂತು ಬೆರಳ ಸಂದಿಯಲ್ಲಿ ಕೆಸರುಹುಣ್ಣಾಗುವುದು, ಮತ್ತು ಒಬ್ಬರು ತೊಟ್ಟುದನ್ನು ಮತ್ತೊಬ್ಬರು ತೊಡಲು ಹೇಸುವುದು. ಕೊಳಕುಮಂಡಲದ ಹಾವಳಿ ಹೆಚ್ಚಾಗಿರುವ ಮ್ಯಾನ್ಮಾರ್ ದೇಶದಲ್ಲಿಯೂ ವೈದ್ಯರು ಬತ್ತದ ಬೇಸಾಯಗಾರರಿಗೆ ಬೂಟುಗಳನ್ನು ಕೊಟ್ಟು, ಅವರು ಅದನ್ನು ತೊಡಲು ಒಪ್ಪುವರೇ ಎಂಬುದನ್ನೇ ಪ್ರತ್ಯೇಕವಾಗಿ ಪರೀಕ್ಷಿಸಬೇಕಾಯಿತು.

ಆದುದರಿಂದ ಯಜಮಾನರು ಈ ಕ್ರಮವನ್ನು ಅನುಸರಿಸತಕ್ಕದ್ದು. ಪ್ರತಿಯೊಬ್ಬರ ಪಾದವನ್ನೂ ಕಾಗದದ ಮೇಲೆ ಇರಿಸಿ ಗೆರೆಯೆಳೆದು ಅಳತೆ ತೆಗೆದುಕೊಂಡು, ಹೆಂಗಸರಿಗೆ ಚಿಕ್ಕ ಅಳತೆಯದನ್ನು ತರಿಸಬೇಕು. ಒಬ್ಬೊಬ್ಬರಿಗೆ ಒಂದೊಂದು ಜೋಡಿಯನ್ನು ಗುರುತು ಹಾಕಿ ಕೊಡಬೇಕು. ಜೊತೆಗೆ ಎರಡು ಜೊತೆ ಹತ್ತಿಯ ಉದ್ದ ಕಾಲುಚೀಲಗಳನ್ನು ಕೊಟ್ಟರೆ ಒಂದು ಒಣಗುವಾಗ ಇನ್ನೊಂದು ಒದಗುವುದು. ನಡುಹಗಲಿನ ಊಟದ ಹೊತ್ತಿನಲ್ಲಿ ಬೂಟನ್ನು ಕಳಚಿ ಕಾಲನ್ನು ಒಣಗಿಸಲು ಬಿಡುವು ಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ ಯಜಮಾನರು ತಾವು ತೋಟಕ್ಕೆ ಇಳಿಯುವಾಗ ಬೂಟು ತೊಟ್ಟೇ ಇಳಿಯಬೇಕು. ಧಣಿಯು ಚಪ್ಪಲಿಯಲ್ಲಿ ತಿರುಗುತ್ತ ಆಳಿಗೆ ಬೂಟಿನ ಉಪದೇಶ ಮಾಡಿದರೆ ಅದು ಕಿವಿಗೆ ಹೋಗದು.

ವೆಚ್ಚದ ವಿಷಯ. ಸಾಧಾರಣ ಗಂಬೂಟಿನ ಬೆಲೆಯು ಒಂದೆರಡು ದಿನದ ಕೂಲಿಯನ್ನು ಮೀರದು. ಕತ್ತಿ, ಹಾರೆ, ಬುಟ್ಟಿಗಳನ್ನು ಯಜಮಾನರೇ ಒದಗಿಸುವರಷ್ಟೆ. ಬೂಟನ್ನೂ ಅದೇ ಲೆಕ್ಕದಲ್ಲಿ ತೋಟದ ಹತಾರವೆಂದು ಬರೆದುಕೊಂಡರೆ ಸಾಕು. ಸಹಕಾರದ ಕೆಲಸಕ್ಕೆ ಮೊಳಹಳ್ಳಿ ಶಿವರಾಯರಂತಹವರು ಅಡಿಪಾಯ ಹಾಕಿದ ಈ ಸೀಮೆಯಲ್ಲಿ, ಊರ ಮುಖ್ಯಸ್ಥರು ಗ್ರಾಮದ ಸಹಕಾರ ಸಂಘದ ಮೂಲಕ ಎಲ್ಲ ಅಳತೆಯ ಬೂಟುಗಳನ್ನು ಒಟ್ಟಾಗಿ ತರಿಸುವುದು ಕಷ್ಟವಲ್ಲ.

ಜೋಪಾನ

ಕೆಲಸ ಮುಗಿದ ಮೇಲೆ ಬೂಟನ್ನು ತೊಳೆದು, ತಲೆಕೆಳಗಾಗಿ ಗೂಟಕ್ಕೆ ಸಿಕ್ಕಿಸಿ, ನೆರಳಿನಲ್ಲಿ ಒಣಗಿಸಬೇಕು. ಬಿರುಬಿಸಿಲಿನಲ್ಲಿ ಅದು ಪೆಡಸಾಗಿ ಬಿರಿಯುವುದು. ಬೆಳಿಗ್ಗೆ ತೊಡುವ ಮೊದಲು ನೆಲಕ್ಕೆ ಕುಟ್ಟಿ ಕೊಡವಿ ನೋಡುವುದನ್ನು ಎಂದಿಗೂ ಮರೆಯಬಾರದು. ಚೇಳು, ಜರಿ, ಒಮ್ಮೊಮ್ಮೆ ಮರಿಹಾವು ಸಹ ಅದರೊಳಗೆ ಸೇರಿಕೊಳ್ಳುವುದುಂಟು. ಸೀಳಿದ ಬೂಟನ್ನು ಎಸೆದು ಹೊಸದನ್ನು ಕೊಡತಕ್ಕದ್ದು.

ಉಡುಪಿನ ಮಿತಿ

ಬೂಟು ತೊಟ್ಟವನಿಗೆ ಹಾವಿನ ಭಯವೇ ಇಲ್ಲವೆಂದು ತಿಳಿಯಬಾರದು. ದೊಡ್ಡ ಕೊಳಕುಮಂಡಲದ ಹಲ್ಲು ತೆಳ್ಳನೆಯ ರಬ್ಬರನ್ನು ತೂರೀತು. ಕಟ್ಟುಹಾವಿಗೆ ಬೂಟು ಪ್ರತೀಕಾರವಲ್ಲ, ನೆಲ ಬಿಟ್ಟು ಮಂಚದ ಮೇಲೆ, ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೊಳಗೆ ಮಲಗುವುದೇ ಅದಕ್ಕೆ ಉಪಾಯ.

ಕಡಿತವಾದರೆ, ಕಚ್ಚಿಸಿಕೊಂಡವರನ್ನು ಓಡಿಸದೆ ನಡೆಯಿಸದೆ ಮಲಗಿಸಿ ಧೈರ್ಯ ಹೇಳಬೇಕು. ಬಾವು ಏರುವ ಮೊದಲೇ ಬೂಟನ್ನೂ ಕಾಲುಂಗುರ ಗೆಜ್ಜೆಗಳನ್ನೂ ಮೆಲ್ಲನೆ ತೆಗೆದು, ಕಾಲು ಅಲುಗದಂತೆ ಹಲಗೆ ಕಟ್ಟಿ, ೧೦೮ಕ್ಕೆ ಕರೆ ಮಾಡಿಯೋ ಸಿಕ್ಕಿದ ವಾಹನದಲ್ಲಿಯೋ ಪ್ರತಿವಿಷವಿರುವ ಆಸ್ಪತ್ರೆಗೆ ಸೇರಿಸಬೇಕು. ಹಗ್ಗದಿಂದ ಬಿಗಿಯುವುದು, ಗಾಯವನ್ನು ಕೊಯ್ಯುವುದು, ಬಾಯಿಯಿಂದ ಹೀರುವುದು, ನಾಟಿ ಔಷಧಕ್ಕಾಗಿ ಹೊತ್ತು ಕಳೆಯುವುದು ಇವೆಲ್ಲವೂ ಹಾನಿಕರ. ಹಾವನ್ನು ಹಿಡಿಯಲು ಹೋಗಿ ಇನ್ನೊಬ್ಬರು ಕಚ್ಚಿಸಿಕೊಳ್ಳುವುದೂ ಬೇಡ. ಯಾವ ಆಸ್ಪತ್ರೆಯಲ್ಲಿ ಪ್ರತಿವಿಷವಿದೆ ಎಂಬುದನ್ನು ಊರ ಮುಖ್ಯಸ್ಥರು ಮಳೆಗಾಲಕ್ಕೆ ಮುಂಚೆಯೇ ವಿಚಾರಿಸಿ, ದೂರವಾಣಿಯ ಅಂಕೆಗಳೊಡನೆ ಎಲ್ಲರಿಗೂ ಕಾಣುವಂತೆ ಬರೆಯಿಸಿಡತಕ್ಕದ್ದು.

ಹಾವುಗಳನ್ನೆಲ್ಲ ಕೊಂದರೆ ತೀರಿತಲ್ಲವೇ ಎಂದು ಕೇಳುವವರು ನಮ್ಮಲ್ಲಿ ಕಡಮೆ. ಕುಕ್ಕೆ ಸುಬ್ರಹ್ಮಣ್ಯವು ಇರುವ, ಮನೆಮನೆಯ ಮಗ್ಗುಲಲ್ಲಿ ನಾಗಬನವನ್ನು ಕಾಪಾಡಿದ ಸೀಮೆಯಿದು. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನದ ಮೇರೆಗೆ ಈ ಹಾವುಗಳನ್ನು ಕೊಲ್ಲುವುದು ಅಪರಾಧವೂ ಹೌದು. ಕೊಕ್ಕೋ ಕಾಯಿಯನ್ನೂ ಬತ್ತವನ್ನೂ ತಿಂದು ಹಾಳುಮಾಡುವ ಇಲಿಗಳನ್ನು ಹಾವು ನಮಗಾಗಿ ಹಿಡಿಯುತ್ತಿರುವುದು. ಅದನ್ನು ಅದರ ಎಡೆಯಲ್ಲಿ ಬಿಟ್ಟು, ನಮ್ಮ ಕಾಲನ್ನು ನಾವು ಕಾಯ್ದುಕೊಳ್ಳುವುದೇ ನ್ಯಾಯವಾದ ದಾರಿ. ಈ ಸಲ ಮುಂಗಾರಿಗೆ ಮೊದಲು ಗೊಬ್ಬರ ಮೈಲುತುತ್ತುಗಳ ಪಟ್ಟಿಯನ್ನು ಬರೆಯುವಾಗ, ತೋಟದಲ್ಲಿ ದುಡಿಯುವವರ ಹೆಸರುಗಳನ್ನೂ ಅವರವರ ಪಾದದ ಅಳತೆಯನ್ನೂ ಅದೇ ಹಾಳೆಯಲ್ಲಿ ಬರೆದುಕೊಳ್ಳಬೇಕೆಂದು ವಾಚಕರಲ್ಲಿ ಅರಿಕೆ.