ಒಂದು ದಿನದ ರುಚಿಯಾತ್ರೆ: ಮತ್ತಿಕೆರೆ ವ್ಯಾಪಾರಿಗಳಿಗೆ ಲಾಭವೆಷ್ಟು, ಹೊಣೆಯೆಷ್ಟು?

ಮಹಾನಗರಕ್ಕೆ ಬಂದವರು ಒಂದು ದಿನದ ಬಿಡುವಿನಲ್ಲಿ ಊರು ನೋಡಿ, ಊರಿನ ಹೆಸರಾಂತ ತಿಂಡಿಗಳನ್ನು ಸವಿದು ಹೋಗುವುದು ಹೊಸ ಸಂಗತಿಯಲ್ಲ. ಇದನ್ನೇ ವ್ಯವಸ್ಥಿತವಾಗಿ ಏರ್ಪಡಿಸಿ, ತಲೆಗಿಷ್ಟು ಎಂದು ಶುಲ್ಕ ಪಡೆಯುವ ರುಚಿಯಾತ್ರೆಯು ಈಗ ಒಂದು ಪ್ರತ್ಯೇಕ ಸೇವಾ ವ್ಯಾಪಾರವಾಗಿ ಬೆಳೆದಿದೆ. ಆದರೆ ಇಂತಹ ಯಾತ್ರೆಗಳ ಗಮನವೆಲ್ಲ ಬಸವನಗುಡಿ, ಮಲ್ಲೇಶ್ವರಗಳ ಮೇಲಿರುತ್ತದೆ. ಯಶವಂತಪುರ ರೈಲು ನಿಲ್ದಾಣದ ಮಗ್ಗುಲಲ್ಲೇ ಇರುವ ಮತ್ತಿಕೆರೆಯ ಹೋಟೆಲು, ಬೇಕರಿ, ಕುರುಕಲು ತಿಂಡಿ ತಯಾರಕರಿಗೆ ಇದರಲ್ಲಿ ಪಾಲು ದೊರೆಯಬಹುದೇ ಎಂಬುದು ಪರಿಶೀಲಿಸಬೇಕಾದ ವಿಷಯ.

ಮಾರ್ಗದ ಅನುಕೂಲ

ಮತ್ತಿಕೆರೆಗೆ ಇರುವ ದೊಡ್ಡ ಅನುಕೂಲವೆಂದರೆ ಮೆಟ್ರೋ ಹಸಿರು ಮಾರ್ಗ. 2014ರಲ್ಲಿ ಪೀಣ್ಯ ಹಾಗೂ ಸಂಪಿಗೆ ರಸ್ತೆಯ ನಡುವೆ ಆರಂಭವಾದ ಈ ಮಾರ್ಗವು 2017ರ ಜೂನ್‌ನಲ್ಲಿ ನಗರದ ದಕ್ಷಿಣ ಭಾಗವನ್ನು ತಲುಪಿತು. ಇದರಿಂದಾಗಿ ಯಶವಂತಪುರದಲ್ಲಿ ಹತ್ತಿದವರು ಗಾಡಿ ಬದಲಿಸದೆ ಸಂಪಿಗೆ ರಸ್ತೆ, ಚಿಕ್ಕಪೇಟೆ, ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳಲ್ಲಿ ಇಳಿಯಬಹುದು.

ಬೆಳಿಗ್ಗೆ ಮತ್ತಿಕೆರೆಯ ಜಯಪ್ರಕಾಶ ನಾರಾಯಣ ಜೀವವೈವಿಧ್ಯ ಉದ್ಯಾನದಲ್ಲಿ ನಡಿಗೆ, ಅಲ್ಲಿಯೇ ಸಮೀಪದ ದರ್ಶಿನಿಯಲ್ಲಿ ಇಡ್ಲಿ, ವಡೆ, ಕಾಫಿ. ಅನಂತರ ಮಲ್ಲೇಶ್ವರದಲ್ಲಿ ಕಾಡು ಮಲ್ಲೇಶ್ವರ ದೇವಾಲಯ ಮತ್ತು ಬೆಣ್ಣೆ ದೋಸೆ. ಮಾರುಕಟ್ಟೆಯ ಬಳಿ ಟಿಪ್ಪುವಿನ ಬೇಸಿಗೆ ಅರಮನೆ. ಮಧ್ಯಾಹ್ನ ಲಾಲ್‌ಬಾಗ್, 1889ರಲ್ಲಿ ನಿರ್ಮಾಣಗೊಂಡ ಅದರ ಗಾಜಿನ ಮನೆ. ಸಂಜೆ ವಿಶ್ವೇಶ್ವರಪುರದ ತಿಂಡಿ ಬೀದಿ. ಜನವರಿಯಲ್ಲಾದರೆ ಅವರೆಕಾಯಿಯ ಸುಗ್ಗಿಯೂ ಸೇರುತ್ತದೆ. ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಲು ಸಾಧ್ಯ.

ಕಥೆಯೂ ಒಂದು ಸರಕು

ಹೊರಗಿನವರು ಹಣ ಕೊಡುವುದು ತಿಂಡಿಗೆ ಮಾತ್ರವಲ್ಲ, ಅದರ ಹಿನ್ನೆಲೆಗೂ ಕೂಡ. 1924ರಲ್ಲಿ ಆರಂಭವಾದ ಎಂ.ಟಿ.ಆರ್. ಸಂಸ್ಥೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಯ ಅಭಾವ ಉಂಟಾದಾಗ ರವೆಯಿಂದ ಇಡ್ಲಿ ಮಾಡಿ ರವೆ ಇಡ್ಲಿಯನ್ನು ಬಳಕೆಗೆ ತಂದಿತೆಂದು ಹೇಳುತ್ತದೆ. ತುರ್ತು ಪರಿಸ್ಥಿತಿಯಲ್ಲಿ ಹೋಟೆಲು ತಿಂಡಿಯ ಬೆಲೆಯನ್ನು ಸರ್ಕಾರ ಕಟ್ಟಿಹಾಕಿದಾಗ ಅದೇ ಸಂಸ್ಥೆ ಸಿದ್ಧ ಮಿಶ್ರಣಗಳ ತಯಾರಿಕೆಯತ್ತ ಹೊರಳಿತು. 1980ರ ದಶಕದಲ್ಲಿ ಜಯನಗರದಲ್ಲಿ ಕಾಣಿಸಿಕೊಂಡ ದರ್ಶಿನಿ ಪದ್ಧತಿಯು, ನಿಂತು ತಿನ್ನುವ ವ್ಯವಸ್ಥೆಯಿಂದ ಜಾಗದ ಬಾಡಿಗೆಯನ್ನೂ ಆಳುಗಳ ಖರ್ಚನ್ನೂ ತಗ್ಗಿಸಿ, ಕಡಿಮೆ ಬೆಲೆಗೆ ಹೆಚ್ಚು ಗಿರಾಕಿಗಳನ್ನು ಸೆಳೆಯಿತು. ಮತ್ತಿಕೆರೆಯ ಆಸುಪಾಸಿನಲ್ಲೂ ಹೇಳಿಕೊಳ್ಳಲು ಸಾಕಷ್ಟಿದೆ: ಯಶವಂತಪುರದ ಕೃಷಿ ಮಾರುಕಟ್ಟೆ ಪ್ರಾಂಗಣ, 1916ರಲ್ಲಿ ಮೈಸೂರು ಸಂಸ್ಥಾನದ ಉದ್ಯಮವಾಗಿ ಹುಟ್ಟಿ ಇಂದು ಮೆಟ್ರೋ ನಿಲ್ದಾಣವೊಂದಕ್ಕೆ ಹೆಸರು ಕೊಟ್ಟಿರುವ ಸ್ಯಾಂಡಲ್ ಸೋಪ್ ಕಾರ್ಖಾನೆ, ಸಮೀಪದ ಭಾರತೀಯ ವಿಜ್ಞಾನ ಸಂಸ್ಥೆ.

ಲೆಕ್ಕ ಹೇಗೆ?

ಉದಾಹರಣೆಗೆ, ತಲಾ 1,500 ರೂ. ಶುಲ್ಕದ, 12 ಜನರ ಒಂದು ತಂಡವಿದೆ ಎಂದುಕೊಳ್ಳೋಣ. ತೆರಿಗೆಯನ್ನು ಬಿಟ್ಟರೆ ಒಟ್ಟು ಸಂಗ್ರಹ 18,000 ರೂ. ತಲಾವಾರು ಖರ್ಚುಗಳು: ತಿಂಡಿಗೆ 400 ರೂ., ಪ್ರಯಾಣ ಹಾಗೂ ಪ್ರವೇಶಕ್ಕೆ 150 ರೂ., ಕಾಯ್ದಿರಿಸುವ ಏಜೆನ್ಸಿಯ ಕಮಿಷನ್ ಶೇಕಡ 20ರಂತೆ 300 ರೂ. ತಂಡ ಎಷ್ಟೇ ಚಿಕ್ಕದಾದರೂ ತಪ್ಪದ ಖರ್ಚುಗಳು: ಮಾರ್ಗದರ್ಶಕನಿಗೆ 3,000 ರೂ., ನೀರು ಇತ್ಯಾದಿಗೆ 600 ರೂ.

ಒಬ್ಬ ಗಿರಾಕಿಯಿಂದ ಉಳಿಯುವುದು 650 ರೂ. ಹನ್ನೆರಡು ಜನರಿಂದ 7,800 ರೂ.; ಸ್ಥಿರ ಖರ್ಚು 3,600 ರೂ. ಕಳೆದರೆ ಲಾಭ 4,200 ರೂ. ಆರು ಜನ ಬಂದರೆ ಉಳಿಯುವುದು 300 ರೂ. ಮಾತ್ರ, ಐದೇ ಜನ ಬಂದರೆ 350 ರೂ. ನಷ್ಟ. ಆದುದರಿಂದ ಮುಂಗಡ ಹಣ ಪಡೆಯದೆ ಯಾತ್ರೆ ಹೊರಡಿಸುವುದು ಜಾಣತನವಲ್ಲ.

ಹೋಟೆಲಿನವರೊಡನೆ ಒಪ್ಪಂದ

ದರ್ಶಿನಿಯ ಲಾಭವಿರುವುದು ವೇಗದಲ್ಲಿ. ಬೆಳಗಿನ ನೂಕುನುಗ್ಗಲಿನಲ್ಲಿ ಹನ್ನೆರಡು ಜನ ಅರ್ಧ ಗಂಟೆ ನಿಂತು ಚಿತ್ರ ತೆಗೆದರೆ ನಿತ್ಯದ ಗಿರಾಕಿ ಪಕ್ಕದಂಗಡಿಗೆ ಹೋಗುತ್ತಾನೆ. ಹಾಗಾಗಿ ಜನಸಂದಣಿ ಇಳಿದ ಸಮಯವನ್ನು ಗೊತ್ತುಮಾಡಿಕೊಳ್ಳುವುದು, ಒಂದು ಪ್ಲೇಟನ್ನು ಇಬ್ಬರಿಗೆ ಹಂಚಿಕೊಡುವ ಏರ್ಪಾಡು, ಟೋಕನ್‌ಗಳನ್ನು ಮೊದಲೇ ಪಡೆಯುವುದು ಮತ್ತು ವಾರದ ರಜೆಯನ್ನು ವಿಚಾರಿಸುವುದು ಅವಶ್ಯ. ಕಡಲೆಕಾಯಿ, ಗೋಡಂಬಿ ಆಗದವರು ಇದ್ದಾರೆಯೇ ಎಂದು ಹಿಂದಿನ ದಿನವೇ ಕೇಳಿಕೊಳ್ಳಬೇಕು.

ವಹಿವಾಟು ಬೇರೆ, ಲಾಭ ಬೇರೆ

ಸಣ್ಣ ಆಯೋಜಕರು ಎಡವುವುದು ಇಲ್ಲಿಯೇ. ಲಾಭ 4,200 ರೂ. ಆದರೂ ಖಾತೆಗೆ ಬರುವುದು 18,000 ರೂ. ಪೂರ್ಣ ತಂಡದ ಎರಡು ಯಾತ್ರೆಗಳನ್ನು ವಾರವಾರವೂ ನಡೆಸಿದರೆ ವರ್ಷದ ವಹಿವಾಟು 18,72,000 ರೂ. ಆಗುತ್ತದೆ. ಸೇವೆಗಳಿಗೆ ಜಿ.ಎಸ್.ಟಿ. ನೋಂದಣಿಯ ಮಿತಿ 20 ಲಕ್ಷ ರೂ. ಮೂರನೆಯ ಯಾತ್ರೆ ಸೇರಿಸಿದರೆ ಮಿತಿ ದಾಟಿದಂತೆಯೇ. ಇದೇ ವ್ಯಕ್ತಿ ಅಂಗಡಿಯನ್ನೂ ನಡೆಸುತ್ತಿದ್ದರೆ ಆ ವಹಿವಾಟೂ ಸೇರುತ್ತದೆ. 2025ರ ಜುಲೈನಲ್ಲಿ ಯು.ಪಿ.ಐ. ಜಮೆಗಳನ್ನು ಆಧರಿಸಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಬೇಕರಿ, ಚಹಾ ಅಂಗಡಿಗಳವರೂ ಸೇರಿದಂತೆ ಅನೇಕ ಸಣ್ಣ ವ್ಯಾಪಾರಿಗಳಿಗೆ ನೋಟಿಸು ನೀಡಿದಾಗ ಉಂಟಾದ ಆತಂಕ ಎಲ್ಲರಿಗೂ ನೆನಪಿದೆ. ಯಾತ್ರೆಗೆ ಪ್ರತ್ಯೇಕ ಬ್ಯಾಂಕ್ ಖಾತೆ, ಪ್ರತಿ ಹೋಟೆಲಿನ ಬಿಲ್ಲು, ದಿನದ ಲೆಕ್ಕದ ಪುಸ್ತಕ ಇವು ಮೊದಲ ದಿನದಿಂದಲೇ ಇರಬೇಕು.

ಸಣ್ಣ ಉತ್ಪಾದಕರಿಗೆ ಅವಕಾಶ

ಯಾತ್ರೆಯ ಕೊನೆಯಲ್ಲಿ ಗಿರಾಕಿ ಮನೆಗೆ ಒಯ್ಯಲು ಏನನ್ನಾದರೂ ಕೇಳುತ್ತಾನೆ. ಚಟ್ನಿಪುಡಿ, ಕೋಡುಬಳೆ, ಖಾರದ ಕಡಲೆಕಾಯಿ, ಕಾಫಿಪುಡಿ ಕೆಡದೆ ಉಳಿಯುವ ಸರಕುಗಳು. ಆದರೆ ಪೊಟ್ಟಣದ ಮೇಲೆ ತಯಾರಕರ ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ದಿನಾಂಕಗಳು ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿ ಸಂಖ್ಯೆ ಇರಲೇಬೇಕು. ಬಿಡಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಕೊಟ್ಟ ತಿಂಡಿ ಎಷ್ಟೇ ರುಚಿಯಾಗಿದ್ದರೂ ಮರಳಿ ಬೇಡಿಕೆ ತರುವುದಿಲ್ಲ. ಕೊಂಡವರಿಗೆ ತಯಾರಕರ ಹೆಸರೇ ತಿಳಿದಿರುವುದಿಲ್ಲ.

ಯಾತ್ರೆಯಿಂದ ಬರುವ ಲಾಭ ದೊಡ್ಡದೇನಲ್ಲ. ಆದರೆ ಬೆಳಗಿನ ಮೊದಲ ತಿಂಡಿ ಹಾಗೂ ಕೊನೆಯ ಪೊಟ್ಟಣ ಎರಡೂ ಮತ್ತಿಕೆರೆಯಲ್ಲಿಯೇ ಮಾರಾಟವಾಗುವಂತೆ ಮಾರ್ಗವನ್ನು ಯೋಜಿಸಿದಲ್ಲಿ, ಇಂದು ರೈಲಿನಿಂದಿಳಿದು ಮುಂದೆ ಸಾಗಿಬಿಡುವ ಗಿರಾಕಿಯ ಹಣದಲ್ಲಿ ಒಂದು ಭಾಗವಾದರೂ ಇಲ್ಲಿ ಉಳಿಯುವುದು. ನಾಲ್ಕಾರು ಅಂಗಡಿಯವರು ಒಟ್ಟುಗೂಡಿ, ವಾರಕ್ಕೊಂದು ತಂಡದಿಂದ ಆರಂಭಿಸಿ, ಮೂರು ತಿಂಗಳ ಲೆಕ್ಕವನ್ನು ನೋಡಿ ಮುಂದುವರಿಯುವುದು ಉಚಿತ.