ವರ್ತೂರಿನ ನೀರು, ಸರ್ಜಾಪುರದ ಓದು

ವರ್ತೂರಿನಿಂದ ಗುಂಜೂರು, ದೊಮ್ಮಸಂದ್ರ ಹಾದು ಸರ್ಜಾಪುರಕ್ಕೆ ಹೋಗುವ ರಸ್ತೆಯಲ್ಲಿ ಹಳೆಯ ಊರೂ ಹೊಸ ಊರೂ ಮೈಗೆ ಮೈ ತಾಗಿಸಿಕೊಂಡು ನಿಂತಿವೆ. ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ಒತ್ತಿಕೊಂಡೇ ರಾಗಿ ಹೊಲ, ಅದರಾಚೆ ಕೊತ್ತಂಬರಿ, ದಂಟಿನ ಮಡಿಗಳು, ರಸ್ತೆಯುದ್ದಕ್ಕೂ ನೀರಿನ ಟ್ಯಾಂಕರುಗಳು. ಸರ್ಜಾಪುರದ ಬಳಿ ಬಿಕ್ಕನಹಳ್ಳಿ ರಸ್ತೆಗೆ ಹೊರಳಿದರೆ ಬುರುಗುಂಟೆ ಗ್ರಾಮ. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯ ನೆಲೆ ನಿಂತಿರುವುದು ಅಲ್ಲಿ. ಕರ್ನಾಟಕ ವಿಧಾನಮಂಡಲದ 2010ರ ಕಾಯ್ದೆಯಿಂದ ಹುಟ್ಟಿದ ಖಾಸಗಿ ಸಂಸ್ಥೆ ಇದು. 2011ರಲ್ಲಿ ಸ್ನಾತಕೋತ್ತರ ತರಗತಿ, 2015ರಲ್ಲಿ ಪದವಿ ತರಗತಿ ಆರಂಭವಾದವು. ಮೊದಲ ವರ್ಷಗಳಲ್ಲಿ ಎಲೆಕ್ಟ್ರಾನಿಕ್ ಸಿಟಿ ಪಕ್ಕದ ಬಾಡಿಗೆ ಜಾಗದಲ್ಲಿ ನಡೆದು, ಆಮೇಲೆ ಈ ಸ್ವಂತ ಆವರಣಕ್ಕೆ ಬಂತು.

ವೈಟ್‌ಫೀಲ್ಡ್ ಸುತ್ತ ಎಂಜಿನಿಯರಿಂಗ್, ಮ್ಯಾನೇಜ್‌ಮೆಂಟ್ ಕಾಲೇಜುಗಳಿಗೆ ಬರವಿಲ್ಲ. ಶಿಕ್ಷಣ, ಅಭಿವೃದ್ಧಿ, ಸಾರ್ವಜನಿಕ ನೀತಿ, ಪರಿಸರ ಎಂದು ಕಾಲ ಕೆಳಗಿನ ನೆಲವನ್ನೇ ಪಾಠದ ವಿಷಯ ಮಾಡಿಕೊಂಡ ವಿಶ್ವವಿದ್ಯಾಲಯ ಈ ಭಾಗಕ್ಕೆ ಹೊಸದು. ಇಂಥ ಸಂಸ್ಥೆಗೆ ವರ್ತೂರು ಕೆರೆಗಿಂತ ದೊಡ್ಡ ಪಠ್ಯ ಬೇರೆ ಬೇಕಿಲ್ಲ.

ಬೆಳ್ಳಂದೂರು ಬಿಟ್ಟರೆ ಬೆಂಗಳೂರಿನ ಅತಿ ದೊಡ್ಡ ಕೆರೆ ವರ್ತೂರಿನದು. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರೆಲ್ಲ ಬೆಳ್ಳಂದೂರಿಗೆ ಇಳಿದು, ಅಲ್ಲಿಂದ ವರ್ತೂರಿಗೆ ಬರುತ್ತದೆ. ನಗರದ ಕೊಳಚೆಯ ದೊಡ್ಡ ಪಾಲು ದಶಕಗಳ ಕಾಲ ಇದೇ ರಾಜಕಾಲುವೆಗಳಲ್ಲಿ ಹರಿದು ಬಂತು. 2015ರಲ್ಲಿ ವರ್ತೂರು ಕೋಡಿಯ ಬಳಿ ನೊರೆ ಎದ್ದು ರಸ್ತೆಗೆ ಹಾರಿದ್ದನ್ನು ದೇಶವೆಲ್ಲ ನೋಡಿತು. ಬಟ್ಟೆ, ಪಾತ್ರೆ ತೊಳೆದ ಮಾರ್ಜಕದ ಅಂಶ ಹೂಳಿನಲ್ಲಿ ಕೂತಿರುತ್ತದೆ. ಮೊದಲ ದೊಡ್ಡ ಮಳೆಗೆ ತಳ ಕಲಕುತ್ತದೆ, ಕೋಡಿಯಿಂದ ನೀರು ಧುಮುಕುವಾಗ ಗಾಳಿ ಸೇರುತ್ತದೆ, ನೊರೆ ಆಳೆತ್ತರಕ್ಕೆ ಏಳುತ್ತದೆ. ಗಾಳಿ ಬೀಸಿದ ಕಡೆ ಅದು ಮುದ್ದೆಮುದ್ದೆಯಾಗಿ ಹಾರಿ ಸ್ಕೂಟರ್ ಸವಾರರ ಮೈಮೇಲೆ, ಅಂಗಡಿಗಳ ಬಾಗಿಲಿಗೆ ಬಂದು ಬೀಳುತ್ತಿತ್ತು. ಮೈಗೆ ತಾಗಿದರೆ ತುರಿಕೆ. ಕೊನೆಗೆ ಕೋಡಿಯ ಪಕ್ಕ ಬಲೆ ಕಟ್ಟಿ ತಡೆಯಬೇಕಾಯಿತು.

2017ರ ಫೆಬ್ರುವರಿಯಲ್ಲಿ, ಮತ್ತೆ 2018ರ ಜನವರಿಯಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿಯೇ ಬಿತ್ತು. 2018ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ರಾಜ್ಯ ಸರ್ಕಾರಕ್ಕೆ 50 ಕೋಟಿ, ಬಿಬಿಎಂಪಿಗೆ 25 ಕೋಟಿ ರೂಪಾಯಿ ದಂಡ ಹಾಕಿತು. ಕೆರೆಗಳ ಪುನಶ್ಚೇತನಕ್ಕೆ 500 ಕೋಟಿ ತೆಗೆದಿಡಲು ಹೇಳಿ, ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ನೇತೃತ್ವದಲ್ಲಿ ಉಸ್ತುವಾರಿ ಸಮಿತಿ ನೇಮಿಸಿತು. ಬಿಡಿಎ ನೀರು ಬೇರೆಡೆಗೆ ತಿರುಗಿಸಿ ಹೂಳೆತ್ತುವ ಕೆಲಸ ಕೈಗೆತ್ತಿಕೊಂಡಿದ್ದು ಆ ಬಳಿಕ. ಇತ್ತ ಇದೇ ಕಣಿವೆಯ ಕೊಳಚೆಯನ್ನು ಎರಡು ಹಂತ ಶುದ್ಧೀಕರಿಸಿ ಕೋಲಾರ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ದಿನಕ್ಕೆ 440 ದಶಲಕ್ಷ ಲೀಟರ್, 126 ಕೆರೆ ಎಂಬುದು ಅದರ ಗುರಿ. ಬೆಂಗಳೂರಿನ ಬಚ್ಚಲು ನೀರು ಕೋಲಾರದ ಅಂತರ್ಜಲವಾಗುವುದು ಸರಿಯೇ, ಮೂರನೇ ಹಂತದ ಶುದ್ಧೀಕರಣ ಬೇಡವೇ ಎಂದು ಕೋಲಾರದ ರೈತರು ಅಂದು ಎತ್ತಿದ ಪ್ರಶ್ನೆ ಇಂದಿಗೂ ಹಾಗೇ ಇದೆ.

ಈ ಪ್ರಶ್ನೆಗಳಿಗೆ ಉತ್ತರ ಹುಡುಕಲು ರಸಾಯನಶಾಸ್ತ್ರ ಒಂದೇ ಸಾಲದು. ಊರಿನ ಚರಿತ್ರೆ ಗೊತ್ತಿರಬೇಕು. ತೂಬು ಯಾರು ಎತ್ತುತ್ತಿದ್ದರು, ನೀರುಗಂಟಿಗೆ ಏನು ಕೊಡುತ್ತಿದ್ದರು, ಹೂಳು ಯಾವ ಹೊಲಕ್ಕೆ ಹೋಗುತ್ತಿತ್ತು ಎಂಬುದು ಗೊತ್ತಿರಬೇಕು. ಅಜೀಂ ಪ್ರೇಮ್‌ಜಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕಿ ಹರಿಣಿ ನಾಗೇಂದ್ರ ಮತ್ತು ಅವರ ಸಹೋದ್ಯೋಗಿಗಳ ಕೆಲಸ ಮುಖ್ಯವೆನಿಸುವುದು ಈ ಕಾರಣಕ್ಕೆ. 2016ರಲ್ಲಿ ಬಂದ ‘ನೇಚರ್ ಇನ್ ದ ಸಿಟಿ’ ಪುಸ್ತಕದಲ್ಲಿ ಅವರು ಬೆಂಗಳೂರಿನ ನಿಸರ್ಗದ ಕಥೆಯನ್ನು ಶಾಸನಗಳ ಕಾಲದಿಂದಲೇ ಹಿಡಿದು ಹೇಳುತ್ತಾರೆ. ನೊಬೆಲ್ ಪುರಸ್ಕೃತೆ ಎಲಿನಾರ್ ಆಸ್ಟ್ರಂ ಜೊತೆ ಬರೆದು 2014ರಲ್ಲಿ ಪ್ರಕಟವಾದ ಪ್ರಬಂಧದ ವಸ್ತು ಬೆಂಗಳೂರಿನ ಕೆರೆಗಳೇ: ಜನ ಸೇರಿ ಉಳಿಸಿಕೊಂಡ ಕೆರೆ ಯಾವುದು, ಕೈಬಿಟ್ಟದ್ದು ಯಾವುದು, ಏಕೆ? ಸೀಮಾ ಮುಂಡೋಳಿ ಮತ್ತಿತರರ ಜೊತೆಗೂಡಿ ಅವರು ಗುಂಡುತೋಪುಗಳ ಮೇಲೂ ಅಧ್ಯಯನ ಮಾಡಿದ್ದಾರೆ. ಮಾವು, ನೇರಳೆ, ಹುಣಸೆ, ಹಿಪ್ಪೆ ನೆಟ್ಟು, ದನಗಾಹಿಗೂ ದಾರಿಹೋಕನಿಗೂ ನೆರಳಾಗಲಿ ಎಂದು ಊರವರು ಬಿಟ್ಟ ಜಾಗ ಅದು. ಸರ್ಕಾರಿ ದಾಖಲೆಯಲ್ಲಿ ತೋಪು, ಸ್ಥಳದಲ್ಲಿ ಕಟ್ಟಡ ಎಂಬುದು ವರ್ತೂರು ಹೋಬಳಿಯವರಿಗೆ ಹೊಸ ಸುದ್ದಿಯೇನಲ್ಲ. ಆದರೆ ಅದನ್ನು ಒಂದೊಂದಾಗಿ ಹೋಗಿ ನೋಡಿ ಬರೆದಿಡುವವರು ಬೇಕಿತ್ತು.

ಬರೆದಿಡುವುದಷ್ಟೇ ಅಲ್ಲ. ಸರ್ಜಾಪುರ ರಸ್ತೆಯ ಕೈಕೊಂಡ್ರಹಳ್ಳಿ ಕೆರೆ 2010ರ ಆಸುಪಾಸಿನಲ್ಲಿ ಮತ್ತೆ ಜೀವ ಪಡೆದಾಗ, ಸುತ್ತಲಿನ ನಿವಾಸಿಗಳು, ಹಳ್ಳಿಯವರು, ಬಿಬಿಎಂಪಿ ಎಂಜಿನಿಯರುಗಳ ಜೊತೆ ಹರಿಣಿ ಅವರೂ ಕೈಜೋಡಿಸಿದ್ದರು. ಆ ಕೆರೆ ತುಂಬಿದರೆ ಸೌಳ್ ಕೆರೆಗೆ, ಅಲ್ಲಿಂದ ಬೆಳ್ಳಂದೂರಿಗೆ, ಬೆಳ್ಳಂದೂರಿನಿಂದ ವರ್ತೂರಿಗೆ. ಮೇಲಿನ ಕೆರೆ ಸ್ವಚ್ಛವಾದರೆ ಕೆಳಗಿನ ಕೆರೆಗೆ ಅಷ್ಟಾದರೂ ಭಾರ ಇಳಿಯುತ್ತದೆ.

ವರ್ತೂರು ಈ ನೀರಿನ ಕಡೆಯ ನಿಲ್ದಾಣವೂ ಅಲ್ಲ. ಕೋಡಿ ಹರಿದ ನೀರು ದಕ್ಷಿಣ ಪಿನಾಕಿನಿ ಸೇರುತ್ತದೆ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟಿ ಹೊಸಕೋಟೆ ಬದಿಯಿಂದ ಇಳಿದು ಬರುವ ಈ ನದಿ ಗಡಿ ದಾಟಿ ಹೊಸೂರಿನ ಕೆಲವರಪಳ್ಳಿ ಅಣೆಕಟ್ಟೆಗೆ, ಮುಂದೆ ಕೃಷ್ಣಗಿರಿ, ಸಾತನೂರು ಜಲಾಶಯಗಳಿಗೆ ಹೋಗಿ, ಕಡೆಗೆ ಕಡಲೂರಿನ ಬಳಿ ಬಂಗಾಳಕೊಲ್ಲಿ ಸೇರುತ್ತದೆ. ಕೆಲವರಪಳ್ಳಿಯಲ್ಲಿ ನೊರೆ ಎದ್ದಾಗಲೆಲ್ಲ ಹೊಸೂರಿನ ರೈತರು ಬೊಟ್ಟು ಮಾಡುವುದು ಬೆಂಗಳೂರಿನ ಕಡೆಗೇ. ಸರ್ಜಾಪುರ ಸೀಮೆಯ ಕೆರೆಗಳದ್ದೂ ಇದೇ ಕಣಿವೆ. ಹೀಗಾಗಿ ವರ್ತೂರು, ಬುರುಗುಂಟೆ, ಕಡಲೂರು ಮೂರನ್ನೂ ಒಂದೇ ನೀರು ಕಟ್ಟಿಹಾಕಿದೆ. ಕಡಲಿಗೂ ನಮಗೂ ಏನು ಸಂಬಂಧ ಎಂದು ಬಯಲುಸೀಮೆಯವರು ಕೇಳುವಂತಿಲ್ಲ.

ಕರಾವಳಿಯಿಲ್ಲದ ಬೆಂಗಳೂರಿನಲ್ಲಿ ಸಮುದ್ರದ ಅಧ್ಯಯನಕ್ಕೂ ಕೊರತೆಯಿಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾತಾವರಣ ಮತ್ತು ಸಾಗರ ವಿಜ್ಞಾನಗಳ ಕೇಂದ್ರವಿದೆ. 2016ರ ಮುಂಗಾರಿನಲ್ಲಿ ಅಲ್ಲಿನ ಪಿ.ಎನ್. ವಿನಯಚಂದ್ರನ್ ಅವರ ತಂಡ ಬ್ರಿಟನ್ನಿನ ವಿಜ್ಞಾನಿಗಳ ಜೊತೆ ‘ಸಿಂಧು ಸಾಧನ’ ಹಡಗಿನಲ್ಲಿ ಬಂಗಾಳಕೊಲ್ಲಿಗೆ ಹೋಗಿ, ನೀರಿನ ಉಪ್ಪು, ಬಿಸಿ, ಪ್ರವಾಹಗಳನ್ನು ಅಳೆಯಿತು. ನಮ್ಮ ಹೊಲಕ್ಕೆ ಬರುವ ಮಳೆಯ ಗುಟ್ಟು ಆ ಕೊಲ್ಲಿಯಲ್ಲಿದೆ. ಅದೇ ಸಂಸ್ಥೆಯ ಟಿ.ವಿ. ರಾಮಚಂದ್ರ ಅವರ ಬಳಗ ಒಂದು ಕಡೆ ವರ್ತೂರು, ಬೆಳ್ಳಂದೂರು ಕೆರೆಗಳನ್ನೂ ಇನ್ನೊಂದು ಕಡೆ ಕುಮಟಾ ಬಳಿಯ ಅಘನಾಶಿನಿ ಅಳಿವೆಯನ್ನೂ ಅಧ್ಯಯನ ಮಾಡುತ್ತ ಬಂದಿದೆ. ಕೆರೆ ಮತ್ತು ಕಡಲನ್ನು ಒಂದೇ ಕಣ್ಣಿನಿಂದ ನೋಡುವ ಈ ಕ್ರಮ ನಮಗೆ ಬೇಕಾದದ್ದು.

ಬುರುಗುಂಟೆಯಲ್ಲಿ ಅದಕ್ಕೆ ತಕ್ಕ ನೆಲ ಹದವಾಗಿದೆ. 2022ರ ಕೊನೆಗೆ ವಿಶ್ವವಿದ್ಯಾಲಯ ನದಿಗಳ ಮೇಲೊಂದು ಉತ್ಸವ ನಡೆಸಿತು. ಮರುವರ್ಷ ಕಾಡಿನ ಮೇಲೆ, ಆಮೇಲೆ ಬೆಟ್ಟಗಳ ಮೇಲೆ. ವಿದ್ಯಾರ್ಥಿಗಳು, ಅಧ್ಯಾಪಕರು ಆಯಾ ಸ್ಥಳಕ್ಕೇ ಹೋಗಿ, ಅಲ್ಲಿನ ಜನರ ಜೊತೆ ಮಾತಾಡಿ, ಕಂಡದ್ದನ್ನು ಪ್ರದರ್ಶನಕ್ಕಿಟ್ಟರು. ದೂರದ ನದಿಗಳನ್ನು ಹಾಗೆ ಹುಡುಕಿಕೊಂಡು ಹೋದವರು ಹದಿನೈದು ಕಿಲೋಮೀಟರ್ ಆಸುಪಾಸಿನ ವರ್ತೂರಿನಿಂದ ಕಡಲೂರಿನವರೆಗೆ ದಕ್ಷಿಣ ಪಿನಾಕಿನಿಯ ಜೊತೆಗೂ ನಡೆಯಬೇಕು. ಎರಡು ರಾಜ್ಯಗಳ ನಡುವೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ನದಿ ಅದು. ಅದರ ದಡದ ಎರಡೂ ಭಾಷೆಗಳ ರೈತರ ಮಾತನ್ನು ಒಂದೆಡೆ ಕೂರಿಸಿ ಕೇಳಲು ಸರ್ಕಾರಿ ಇಲಾಖೆಗಿಂತ ವಿಶ್ವವಿದ್ಯಾಲಯಕ್ಕೇ ಸಲೀಸು.

ನನ್ನ ದೊಡ್ಡ ಕೊರಗು ಬೇರೆ. ಕೆರೆಯಂಗಳದ ಹಿರಿಯರು ಹೇಳಿದ್ದು ಇಂಗ್ಲಿಷ್ ಪ್ರಬಂಧವಾಗಿ ವಿದೇಶಿ ಪತ್ರಿಕೆ ಸೇರುತ್ತದೆ. ಹೇಳಿದವರ ಕೈಗೆ ತಿರುಗಿ ಬರುವುದಿಲ್ಲ. ಇದು ಒಂದು ಸಂಸ್ಥೆಯ ತಪ್ಪಲ್ಲ, ನಮ್ಮ ಇಡೀ ಸಂಶೋಧನಾ ಲೋಕದ ರೂಢಿ. ಅದನ್ನು ಮುರಿಯುವ ಸಾಧನ ಈ ವಿಶ್ವವಿದ್ಯಾಲಯದಲ್ಲೇ ಇದೆ. ಶೈಕ್ಷಣಿಕ ಬರಹಗಳನ್ನು ಕನ್ನಡಕ್ಕೆ, ಹಿಂದಿಗೆ ತಂದು ‘ಅನುವಾದ ಸಂಪದ’ ಎಂಬ ಹೆಸರಿನಲ್ಲಿ ಅದು ಒಂದೆಡೆ ಇಟ್ಟಿದೆ. ಕೆರೆ, ಗುಂಡುತೋಪು, ಗೋಕಟ್ಟೆಗಳ ಮೇಲಿನ ಅಧ್ಯಯನಗಳೂ ಹಾಗೆ ಕನ್ನಡಕ್ಕೆ ಬಂದು ವರ್ತೂರು, ಗುಂಜೂರು, ದೊಮ್ಮಸಂದ್ರದ ಸರ್ಕಾರಿ ಶಾಲೆಗಳ ಕಪಾಟು ಸೇರಲಿ. ಆ ಊರುಗಳ ಮೇಷ್ಟ್ರುಗಳಿಗೂ ಒಂದು ಮಾತು: ಆವರಣದಲ್ಲಿ ಸಾರ್ವಜನಿಕ ಉಪನ್ಯಾಸ, ಪ್ರದರ್ಶನ ನಡೆದಾಗ ಮಕ್ಕಳನ್ನು ಕರೆದುಕೊಂಡು ಹೋಗಿ, ನಮ್ಮ ಕೆರೆಯ ಬಗ್ಗೆ ನೀವು ಏನು ಬರೆದಿದ್ದೀರಿ ಎಂದು ಕನ್ನಡದಲ್ಲೇ ಕೇಳಿ.